ಸ್ಟುಟ್‌ಗಾರ್ಟ್‌ನಲ್ಲಿ ಅತ್ತೆ

ಹೊರದೇಶಕ್ಕೆ ಹೊರಟ ಹಳೇ ಮೈಸೂರಿನ ಕನ್ನಡಿಗನಿಗೆ ಮೊದಲು ಕೈಕೊಡುವುದು ಅವನ ಹೆಸರು. ಉತ್ತರ ಕರ್ನಾಟಕದವರಿಗೆ ಪಾಟೀಲ, ದೇಸಾಯಿ, ಕುಲಕರ್ಣಿ ಅಂತ ಒಂದು ಅಡ್ಡಹೆಸರಾದರೂ ಇರುತ್ತದೆ. ಇವನಿಗಿರುವುದು ಎರಡು ಇನಿಷಿಯಲ್ಲು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಮುಂದೆ ಕಷ್ಟ ಅಂತ ಏಜೆಂಟ್ ಹೆದರಿಸುತ್ತಾನೆ. ಇನಿಷಿಯಲ್ ಬಿಡಿಸಿದರೆ ಒಂದು ಊರು, ಇನ್ನೊಂದು ಅಪ್ಪ. ಅಪ್ಪನಿಗಿಂತ ಊರೇ ವಾಸಿ ಅಂತ ನಮ್ಮ ಕಥಾನಾಯಕ ತುಮಕೂರು ಜಿಲ್ಲೆಯ ತನ್ನ ಹುಟ್ಟೂರನ್ನು ತುಂಬಿಸಿದ. ಅಂದಿನಿಂದ ಜರ್ಮನಿಯ ಕಾಗದಪತ್ರಗಳಲ್ಲೆಲ್ಲ ಅವನು ಹೆರ್ ಚಿಕ್ಕನಾಯಕನಹಳ್ಳಿ. ಮದುವೆಯ ಮೇಲೆ ಪಾಸ್‌ಪೋರ್ಟಿಗೆ ಗಂಡನ ಸರ್‌ನೇಮ್ ಸೇರಿಸಿಕೊಂಡ ತಪ್ಪಿಗೆ, ಮೈಸೂರಿನಲ್ಲಿ ಹುಟ್ಟಿ ಬೆಳೆದು ಆ ಊರನ್ನು ಒಮ್ಮೆ ಮಾತ್ರ ನೋಡಿದ ಅವನ ಹೆಂಡತಿ ಫ್ರಾವ್ ಚಿಕ್ಕನಾಯಕನಹಳ್ಳಿ.

(ಈ ಸಂಸಾರ ಯಾರೊಬ್ಬರದೂ ಅಲ್ಲ. ಸ್ಟುಟ್‌ಗಾರ್ಟ್ ಸುತ್ತಮುತ್ತ ಕಾರಿನ ಕಂಪನಿ, ಸಾಫ್ಟ್‌ವೇರ್ ಕಂಪನಿಗಳಿಗೆ ದುಡಿಯುವ ಹತ್ತಾರು ಕನ್ನಡ ಮನೆಗಳಿಂದ ಒಂದೊಂದು ತುಂಡು ತಂದು ಹೊಲಿದದ್ದು. ಅವರವರ ತುಂಡು ಅವರವರಿಗೆ ಗೊತ್ತಾದರೆ ಸಾಕು.)

ಹೆಸರು ಅಲ್ಲಿ ಬರೀ ಅಲಂಕಾರವಲ್ಲ. ಅಪಾರ್ಟ್‌ಮೆಂಟುಗಳಿಗೆ ಸಾಮಾನ್ಯವಾಗಿ ಮನೆ ನಂಬರ್ ಇರುವುದಿಲ್ಲ. ಟಪಾಲಿನವನು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾನೆ, ಹೆಸರಿಲ್ಲದಿದ್ದರೆ ಕಾಗದ ವಾಪಸ್. ಬೆರಳಗಲದ ಫಲಕದಲ್ಲಿ ಹತ್ತೊಂಬತ್ತು ಇಂಗ್ಲಿಷ್ ಅಕ್ಷರ ಹಿಡಿಸಬೇಕು. ಬೇರೆ ದೇಶದವರಾಗಿದ್ದರೆ ಬೆಚ್ಚಿಬೀಳುತ್ತಿದ್ದರೇನೋ. ಜರ್ಮನ್ನರಿಗೆ ಉದ್ದದ ಪದಗಳು ರೂಢಿಯಾಗಿರುವುದರಿಂದ ಅಕ್ಷರ ಸಣ್ಣದು ಮಾಡಿ ತೆಪ್ಪಗೆ ಅಂಟಿಸಿಹೋದರು.

ಮನೆ ಸಿಕ್ಕಿದ್ದೇ ಒಂದು ಪುರಾಣ. ಡಿಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ, ಅದು ಅಲ್ಲಿನ ಕಾನೂನು ಅಂತ ತಿಳಿದಾಗ, ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಪೇಂಟಿಂಗ್ ಹೆಸರಿನಲ್ಲಿ ಅರ್ಧ ಕಳೆದುಕೊಂಡಿದ್ದ ಗಂಡನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆ ಸಂತೋಷ ಅಡುಗೆಮನೆಯ ಬಾಗಿಲು ತೆರೆಯುವವರೆಗೆ ಉಳಿಯಿತು. ಒಳಗೆ ಅಡುಗೆಮನೆ ಇರಲಿಲ್ಲ. ನಾಲ್ಕು ಗೋಡೆ, ಗೋಡೆಯಿಂದ ಇಣುಕುವ ನೀರಿನ ಪೈಪು, ತುದಿ ಸುತ್ತಿದ ವೈರು. ಅಲ್ಲಿ ಎಷ್ಟೋ ಬಾಡಿಗೆದಾರರು ಮನೆ ಬಿಡುವಾಗ ಸಿಂಕು, ಒಲೆ, ಕಪಾಟು ಎಲ್ಲ ಬಿಚ್ಚಿಕೊಂಡು ಹೋಗುತ್ತಾರೆ, ಕೆಲವರು ಬಲ್ಬನ್ನೂ ಬಿಡುವುದಿಲ್ಲ. ಹೊಸಬ ತನ್ನ ಅಡುಗೆಮನೆ ತಾನೇ ತಂದುಕೊಳ್ಳಬೇಕು. ಹೆಂಡತಿ ಮೊದಲ ವಾರ ಉಪ್ಪಿಟ್ಟು ಕೆದಕಿದ್ದು ಬಚ್ಚಲುಮನೆಯ ಪ್ಲಗ್ಗಿಗೆ ಸಿಕ್ಕಿಸಿದ ಎಲೆಕ್ಟ್ರಿಕ್ ಒಲೆಯ ಮೇಲೆ. ಕರೆಂಟು ಎರಡೂ ದೇಶದಲ್ಲಿ 230 ವೋಲ್ಟ್ ಆದದ್ದು ಪುಣ್ಯ. ಪಿನ್ನಿನ ಆಕಾರ ಬದಲಾಯಿಸಿದರೆ ಊರಿನ ಮಿಕ್ಸಿ ಓಡುತ್ತದೆ. ಅಮೆರಿಕದ ಓರಗಿತ್ತಿಗೆ ಈ ಭಾಗ್ಯವಿಲ್ಲ ಅಂತ ಅವಳಿಗೊಂದು ಸಮಾಧಾನ.

ಆಮೇಲೆ ಕಾಗದದ ಸರದಿ. ಮನೆ ಹೊಕ್ಕ ಎರಡು ವಾರದೊಳಗೆ ನಗರಾಡಳಿತದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ಅಲ್ಲಿ ಧರ್ಮವನ್ನೂ ಕೇಳುತ್ತಾರೆ. ಹೆಮ್ಮೆಯಿಂದ ಕೆಥೊಲಿಕ್ ಅಂತ ಬರೆಸಿದ ಮಂಗಳೂರಿನ ಗೆಳೆಯನಿಗೆ ಸಂಬಳ ಬಂದ ದಿನ ಗೊತ್ತಾಯಿತು: ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಆದಾಯ ತೆರಿಗೆಯ ಮೇಲೆ ಇನ್ನೂ 8 ಪರ್ಸೆಂಟ್ ಇಗರ್ಜಿ ತೆರಿಗೆ. ನಮ್ಮವರು ಅದರಿಂದ ಪಾರಾದರು, ರೇಡಿಯೊ-ಟೀವಿ ಶುಲ್ಕದಿಂದ ಆಗಲಿಲ್ಲ. ಅದು ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ. ‘ನಮ್ಮನೇಲಿ ಟೀವೀನೇ ಇಲ್ಲ’ ಅಂತ ಗಂಡ ಕಾಗದ ಬರೆದ. ಮನೆ ಇದೆಯಲ್ಲ, ಅಷ್ಟು ಸಾಕು ಅಂತ ಉತ್ತರ ಬಂತು.

ಡ್ರೈವಿಂಗ್ ಲೈಸೆನ್ಸ್ ವಿಷಯ ಅವನ ಎದುರು ಎತ್ತುವಂತಿಲ್ಲ. ಭಾರತದ ಲೈಸೆನ್ಸ್ ನಡೆಯುವುದು ಅಲ್ಲಿ ನೆಲೆಸಿದ ಮೊದಲ ಆರು ತಿಂಗಳು ಮಾತ್ರ. ಆಮೇಲೆ ಬರಹದ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡನ್ನೂ ಹೊಸದಾಗಿ ಪಾಸು ಮಾಡಬೇಕು. ರಸ್ತೆಯ ಪರೀಕ್ಷೆಗೇ 55 ನಿಮಿಷ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಕೈಯಲ್ಲಿ ಇಡ್ಲಿ ತಿನ್ನುತ್ತ ಗಾಡಿ ಹೊಡೆದ ಗಂಡುಮಗ, ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲು ದಾರಿ ಎಂಬ ನಿಯಮ ಮರೆತು ಫೇಲಾದ. ಆ ಬಲಗಡೆಯಿಂದ ಬಂದದ್ದು ಸೈಕಲ್ಲಿನ ಮೇಲಿದ್ದ ಒಬ್ಬಳು ಅಜ್ಜಿ. ಊರಲ್ಲಾಗಿದ್ದರೆ ಅಜ್ಜಿಯೇ ನಿಲ್ಲುತ್ತಿದ್ದಳು ಅನ್ನುವುದು ಅವನ ವಾದ.

ಇಷ್ಟೆಲ್ಲ ಆದ ಮೇಲೆ, ಮೊಮ್ಮಗಳನ್ನು ನೋಡಲು ಅತ್ತೆ ಬಂದರು.

ಅತ್ತೆ ಎಂದರೆ ಗಂಡನ ತಾಯಿ, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದು ಈಗ ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿರುವವರು. ಅವರಿಗೆ ಸಿಕ್ಕಿದ್ದು ಷೆಂಗೆನ್ ವೀಸಾ: 180 ದಿನಗಳಲ್ಲಿ 90 ದಿನ ಇರಬಹುದು, ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಖರ್ಚುವೆಚ್ಚಕ್ಕೆಲ್ಲ ತಾನೇ ಹೊಣೆ ಅಂತ ಮಗ ಅಲ್ಲಿನ ಕಚೇರಿಯಲ್ಲಿ ಮುಚ್ಚಳಿಕೆ ಬರೆದುಕೊಟ್ಟ. ‘ಹೆತ್ತ ತಾಯಿಗೆ ಅನ್ನ ಹಾಕ್ತೀನಿ ಅಂತ ಸರ್ಕಾರಾನೇ ಬರೆಸಿಕೊಳ್ಳತ್ತಾ? ಒಳ್ಳೇ ದೇಶ ಕಣೋ’ ಅಂದರು ಅತ್ತೆ. ಸೊಸೆ ಮಾತಾಡಲಿಲ್ಲ.

ಸೂಟ್‌ಕೇಸ್ ತುಂಬುವಾಗ ಫೋನಿನಲ್ಲಿ ಮೂರು ರಾತ್ರಿ ಚರ್ಚೆ ನಡೆಯಿತು. ಹಾಲಿನ ಪದಾರ್ಥ, ಮಾಂಸ ಪ್ರಯಾಣಿಕರು ಯೂರೋಪಿಗೆ ಒಯ್ಯುವಂತಿಲ್ಲ. ಮನೆಯಲ್ಲಿ ಕಾಯಿಸಿದ ತುಪ್ಪಕ್ಕೆ ಕತ್ತರಿ. ಸೊಪ್ಪು, ತರಕಾರಿ, ಹಣ್ಣಿಗೆ ಸಸ್ಯರೋಗವಿಲ್ಲವೆಂಬ ಸರ್ಟಿಫಿಕೇಟ್ ಬೇಕು, ಕರಿಬೇವಿಗೆ ಕತ್ತರಿ. ವಿನಾಯಿತಿ ಇರುವುದು ಐದಕ್ಕೆ ಮಾತ್ರ: ಅನಾನಸ್, ತೆಂಗಿನಕಾಯಿ, ದುರಿಯನ್, ಬಾಳೆಹಣ್ಣು, ಖರ್ಜೂರ. ಅತ್ತೆ ಪಟ್ಟಿ ಕೇಳಿ ಒಪ್ಪಿಗೆಯ ದನಿಯಲ್ಲಿ, ‘ಕಾಯಿ, ಬಾಳೆಹಣ್ಣು ಬಿಟ್ಟಿದ್ದಾರೆ ಅಂದ್ರೆ ಪೂಜೆಪುನಸ್ಕಾರ ಗೊತ್ತಿರೋ ಜನಾನೇ’ ಅಂದರು. ಒಣಕೊಬ್ಬರಿಯ ತಕರಾರು ಬೇರೆ. ತಾನೇ ಹೊತ್ತಿಕೊಳ್ಳಬಹುದಾದ ವಸ್ತು ಅಂತ ಅದು ವಿಮಾನಯಾನದ ಅಪಾಯಕಾರಿ ಪಟ್ಟಿಯಲ್ಲಿದೆ. ಗಸಗಸೆಯದು ಇನ್ನೂ ವಿಚಿತ್ರ: ದುಬೈಗೋ ಸಿಂಗಪುರಕ್ಕೋ ಒಯ್ದರೆ ಪೊಲೀಸರು ಹಿಡಿಯುತ್ತಾರೆ, ಜರ್ಮನಿಯಲ್ಲಿ ಬೇಕರಿಯ ಬನ್ನಿನ ಮೇಲೆ ಉದುರಿಸಿ ಮಾರುತ್ತಾರೆ. ಪಾಯಸದ ಆಸೆಯಿರುವವರು ದೇಶ ನೋಡಿ ಮಗನನ್ನು ಕಳಿಸಬೇಕು.

ಜೂನ್ ತಿಂಗಳಲ್ಲಿ ಬಂದ ಅತ್ತೆಯನ್ನು ಮೊದಲು ಕಾಡಿದ್ದು ಸೂರ್ಯ. ದೇವರ ಮುಂದೆ ಸಂಜೆ ದೀಪ ಹಚ್ಚಬೇಕು, ಸಂಜೆಯಾಗುವುದು ರಾತ್ರಿ ಒಂಬತ್ತೂವರೆಗೆ. ರಾಹುಕಾಲವೂ ಉದ್ದವಾಯಿತು. ಹಗಲನ್ನು ಎಂಟು ಪಾಲು ಮಾಡಿ ಅದರಲ್ಲೊಂದನ್ನು ರಾಹುವಿಗೆ ಕೊಡುವುದು ಲೆಕ್ಕ. ಹಗಲು ಹನ್ನೆರಡು ತಾಸಾದರೆ ಪಾಲು ಒಂದೂವರೆ ತಾಸು, ಹದಿನಾರು ತಾಸಾದರೆ ಎರಡು. ಮೈಸೂರಿನಲ್ಲಿ ಮಂಗಳವಾರ ಮೂರರಿಂದ ನಾಲ್ಕೂವರೆಗೆ ಬಂದುಹೋಗುವ ರಾಹು ಸ್ಟುಟ್‌ಗಾರ್ಟಿನ ಜೂನ್‌ನಲ್ಲಿ ಹೆಚ್ಚುಕಡಿಮೆ ಐದೂವರೆಗೆ ಬಂದು ಏಳೂವರೆವರೆಗೆ ಕೂರುತ್ತಾನೆ. ಅಷ್ಟರಲ್ಲಿ ಗಂಡ ಆಫೀಸು ಮುಗಿಸಿ ಮನೆಗೆ ಬಂದಾಗಿರುತ್ತದೆ. ‘ನೀನೇ ಬೇಗ ಬರ್ತೀಯ, ಇಲ್ಲಿ ಅವನೇ ಓವರ್‌ಟೈಮ್ ಮಾಡೋದು’ ಅಂದರು ಅತ್ತೆ.

ಅವರು ಕಂಗಾಲಾಗುತ್ತಾರೆ, ಬೇಸರಪಡುತ್ತಾರೆ, ಹದಿನೈದೇ ದಿನಕ್ಕೆ ಟಿಕೆಟ್ ಬದಲಾಯಿಸಿ ಅನ್ನುತ್ತಾರೆ ಅಂತ ಮಗ ಸೊಸೆ ಇಬ್ಬರೂ ಅಂದುಕೊಂಡಿದ್ದರು. ಸೊಸೆಯ ದನಿಯಲ್ಲಿ ಇದು ಭಯವೋ ನಿರೀಕ್ಷೆಯೋ ಹೇಳಲಾಗದು. ಆದದ್ದು ಬೇರೆ. ಕಸ ಹಾಕುವ ವಿಧಾನ ವಿವರಿಸಿದ ದಿನವೇ ಅತ್ತೆ ಆ ದೇಶಕ್ಕೆ ಒಗ್ಗಿಬಿಟ್ಟರು. ತರಕಾರಿ ಸಿಪ್ಪೆ ಒಂದು ಡಬ್ಬಕ್ಕೆ, ಕಾಗದ ಇನ್ನೊಂದಕ್ಕೆ, ಪ್ಲಾಸ್ಟಿಕ್ ಪೊಟ್ಟಣ ಹಳದಿ ಚೀಲಕ್ಕೆ, ಉಳಿದದ್ದು ಮತ್ತೊಂದಕ್ಕೆ. ಗಾಜಿನ ಸೀಸೆಯಾದರೆ ಬೀದಿಯ ತುದಿಗೆ ಒಯ್ದು ಬಿಳಿ, ಹಸಿರು, ಕಂದು ಬಣ್ಣ ನೋಡಿ ಬೇರೆ ಬೇರೆ ತೂತಿಗೆ, ಅದೂ ಭಾನುವಾರ ಹಾಕಕೂಡದು. ಮಗನಿಗೆ ಇದು ಎರಡು ವರ್ಷದಿಂದ ತಲೆಗೆ ಹೋಗಿರಲಿಲ್ಲ. ಅತ್ತೆಗೆ ವಿವರಣೆಯೇ ಬೇಕಾಗಲಿಲ್ಲ. ಮುಸುರೆ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ, ಮಡಿಬಟ್ಟೆಯ ಗಳು ಬೇರೆ ಅಂತ ಅರವತ್ತು ವರ್ಷ ಬದುಕಿದವರು. ‘ಇವರದೂ ಮಡೀನೇ. ನಮಗಿಂತ ಜೋರು, ಅಷ್ಟೇ’ ಅಂತ ತೀರ್ಪು ಕೊಟ್ಟು, ಸೊಸೆ ತಪ್ಪು ಡಬ್ಬಕ್ಕೆ ಹಾಕಿದ್ದ ಟೀ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಸರಿಯಾದ ಡಬ್ಬಕ್ಕೆ ಹಾಕಿದರು.

ಆ ಮೇಲೆ ಅವರನ್ನು ಹಿಡಿಯುವವರಿಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿ ಅಂಗಡಿಯ ಯಂತ್ರಕ್ಕೆ ತುರುಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಅಂತ ತಿಳಿದ ವಾರ ಮನೆಯ ಮೂಲೆಮೂಲೆಯಿಂದ ಬಾಟಲಿ ಹೊರಬಂದವು. ತಕ್ಕಡಿಯಲ್ಲಿ ಮೋಸ ಮಾಡುವ ಹಳೇ ಪೇಪರಿನವನೊಡನೆ ಜಗಳವಾಡಿ ಅಭ್ಯಾಸವಿದ್ದ ಅವರಿಗೆ, ಚೌಕಾಸಿಗೆ ಜಗ್ಗದ ಯಂತ್ರ ಮಾತ್ರ ಸ್ವಲ್ಪ ಸಪ್ಪೆ ಅನಿಸಿತು. ಭಾನುವಾರ ಅಂಗಡಿ ಮುಚ್ಚುವುದು, ಆ ದಿನದ ವಿಶ್ರಾಂತಿಗೆ ಅಲ್ಲಿನ ಸಂವಿಧಾನದಲ್ಲೇ ರಕ್ಷಣೆಯಿರುವುದು ಕೇಳಿ, ‘ನೋಡಿದೆಯಾ?’ ಎಂಬಂತೆ ಸೊಸೆಯತ್ತ ತಿರುಗಿದರು. ಭಾನುವಾರ ದೋಸೆಹಿಟ್ಟು ರುಬ್ಬುವ ಅವಳ ಪದ್ಧತಿ ಶನಿವಾರಕ್ಕೆ ಸರಿಯಿತು.

ಸ್ಟುಟ್‌ಗಾರ್ಟಿನವರಿಗೆ ಕೇರ್‌ವೋಖೆ ಅಂತ ಒಂದಿದೆ, ಗುಡಿಸುವ ವಾರ. ಸರದಿಯ ಫಲಕ ಯಾರ ಬಾಗಿಲಿಗೆ ಬಂದು ತೂಗುತ್ತದೋ ಆ ಮನೆಯವರು ಆ ವಾರ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸಬೇಕು. ಊರು ಚೊಕ್ಕಟವಾಗಿಡಬೇಕೆಂಬ 1492ರ ರಾಜಾಜ್ಞೆಗೆ ಇದರ ಬೇರು ಹೋಗುತ್ತದೆ. ನಗರಾಡಳಿತ 1988ರಲ್ಲಿ ಕಡ್ಡಾಯ ತೆಗೆದುಹಾಕಿದರೂ ಬಾಡಿಗೆ ಕರಾರುಗಳಲ್ಲಿ ಅದು ಗಟ್ಟಿಯಾಗಿ ಕೂತಿದೆ. ಫಲಕ ಬಂದಾಗಲೆಲ್ಲ ಗಂಡ ಮೀಟಿಂಗ್ ಇದೆ ಅನ್ನುತ್ತಿದ್ದ. ಅತ್ತೆ ಫಲಕಕ್ಕಾಗಿ ಕಾಯಲೇ ಇಲ್ಲ. ಬೆಳಗ್ಗೆ ಆರಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ, ಗುಡಿಸಿ, ಎರಡೆಳೆ ರಂಗೋಲಿ ಬಿಟ್ಟರು. ಕೆಳಮನೆಯ ಎಂಬತ್ತರ ಮುದುಕಿ, ಎರಡು ವರ್ಷದಿಂದ ಈ ಸಂಸಾರದತ್ತ ತುಟಿ ಬಿಚ್ಚದಿದ್ದಾಕೆ, ರಂಗೋಲಿಯ ಮುಂದೆ ನಿಂತಳು. ಪುಡಿ ನೋಡಿ ಮುಖ ಗಂಟಿಕ್ಕಿತು, ಮೆಟ್ಟಿಲಿನ ಮೂಲೆ ನೋಡಿ ಸಡಿಲವಾಯಿತು. ಮಾರನೆಯ ದಿನ ಪ್ಲಮ್ ಹಣ್ಣಿನ ಕೇಕಿನೊಂದಿಗೆ ಬಂದಳು. ಅತ್ತೆ ಮೊದಲು ಕೇಳಿದ್ದು ಮೊಟ್ಟೆ ಇದೆಯಾ ಅಂತ, ಕನ್ನಡದಲ್ಲಿ.

ಅಲ್ಲಿಂದ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಾಡತೊಡಗಿದರು, ಇವರು ಕನ್ನಡ, ಆಕೆ ಸ್ವೇಬಿಯನ್ ಆಡುಮಾತು. ಅತ್ತೆಗೆ ಹೇಳಲೇಬೇಕಾದ ವಿಷಯವೊಂದಿತ್ತು. ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ತೆಗೆದ ಹರ್ಮನ್ ಮೋಗ್ಲಿಂಗ್ ಈ ಸೀಮೆಯವನೇ, ಪಕ್ಕದ ಎಸ್ಲಿಂಗನ್‌ನಲ್ಲಿ ತೀರಿಕೊಂಡದ್ದು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಕೊನೆಯುಸಿರೆಳೆದದ್ದು ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಟ್ಯೂಬಿಂಗನ್‌ನಲ್ಲಿ. ಮೂವತ್ತು ವರ್ಷ ಕ್ಲಾಸಿನಲ್ಲಿ ಇವರಿಬ್ಬರ ಹೆಸರು ಹೇಳಿದ್ದಕ್ಕೆ ಯಾರೋ ಒಬ್ಬರು ಲೆಕ್ಕ ಒಪ್ಪಿಸಬೇಕಿತ್ತು, ಮುದುಕಿ ಸಿಕ್ಕಳು. ಆಕೆಗೆ ಅರ್ಥವಾದದ್ದು ಟ್ಯೂಬಿಂಗನ್ ಎಂಬುದೊಂದೇ. ಮುಂದಿನ ವಾರ ರೈಲಿನ ವೇಳಾಪಟ್ಟಿ ಪ್ರಿಂಟ್ ಮಾಡಿ ತಂದುಕೊಟ್ಟಳು.

ಅತ್ತೆ ಸೋತದ್ದು ಒಂದೇ ಕಡೆ. ನವೆಂಬರಿನಲ್ಲಿ ತಮ್ಮನ ಮಗನ ಮದುವೆ, ಮೊಮ್ಮಗಳು ಬರಲೇಬೇಕು. ಆದರೆ ಅಲ್ಲಿ ಶಾಲೆಗೆ ಹೋಗುವುದು ಕಾನೂನು. ಅನುಮತಿಯಿಲ್ಲದೆ ತಪ್ಪಿಸಿದರೆ ತಂದೆತಾಯಿಗೆ ದಂಡ. 2018ರಲ್ಲಿ ಮೆಮ್ಮಿಂಗನ್ ವಿಮಾನ ನಿಲ್ದಾಣದಲ್ಲಿ ರಜೆಗೆ ಮುಂಚೆಯೇ ಮಕ್ಕಳನ್ನು ಕರೆದುಕೊಂಡು ಹೊರಟಿದ್ದ ಸಂಸಾರಗಳನ್ನು ಪೊಲೀಸರು ಗುರುತಿಸಿ ವರದಿ ಮಾಡಿದ್ದೂ ಉಂಟು. ಹೊಟ್ಟೆನೋವು ಅಂತ ಚೀಟಿ ಬರೆದರಾಯಿತು ಅಂದ ಮಗನನ್ನು ಅತ್ತೆಯೇ ಬೈದರು. ಮೇಷ್ಟರಾಗಿ ಅಂಥ ಚೀಟಿಗಳನ್ನು ಎಷ್ಟು ಓದಿದ್ದರೋ. ಸ್ಟುಟ್‌ಗಾರ್ಟಿನ ಶಾಲೆಗಳಿಗೆ ದೊಡ್ಡ ರಜೆ ಜುಲೈ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಮುಗಿಯುತ್ತದೆ. ಆಷಾಢ ಕಳೆದು ಶ್ರಾವಣದಲ್ಲಿ ಲಗ್ನವಿಟ್ಟುಕೊಳ್ಳಬಹುದಲ್ಲ ಅಂತ ತಮ್ಮನಿಗೆ ಫೋನ್ ಮಾಡಿದರು. ಛತ್ರದವನು ಅಡ್ವಾನ್ಸ್ ವಾಪಸ್ ಕೊಡುವುದಿಲ್ಲ ಅಂದ.

ತೊಂಬತ್ತು ದಿನ ಮುಗಿದು ಅತ್ತೆ ಹೊರಟರು. ಅವರು ಹೋದ ವಾರವೇ ಫಲಕ ಬಾಗಿಲಿಗೆ ಬಂತು, ಗಂಡನಿಗೆ ಮೀಟಿಂಗ್ ಇತ್ತು, ಕೆಳಮನೆಯ ಮುದುಕಿ ಮತ್ತೆ ತುಟಿ ಬಿಗಿದಳು. ಮೈಸೂರಿನಿಂದ ಸುದ್ದಿ ಬರುತ್ತಿದೆ. ಅತ್ತೆ ತಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಮೆಟ್ಟಿಲು ಗುಡಿಸುವ ಸರದಿಯ ಪಟ್ಟಿಯನ್ನೂ, ಭಾನುವಾರ ಮಿಕ್ಸಿ ಹಾಕಬಾರದೆಂಬ ಸೂಚನೆಯನ್ನೂ ಕಳಿಸಿದ್ದಾರೆ. ಇಬ್ಬರು ಗುಂಪು ಬಿಟ್ಟರು. ಸೆಕ್ರೆಟರಿ ಕೈಮುಗಿಯುವ ಚಿತ್ರವೊಂದನ್ನು ಹಾಕಿ, ಮುಂದಿನ ಮೀಟಿಂಗಿನಲ್ಲಿ ನೋಡೋಣ ಮೇಡಂ ಅಂದಿದ್ದಾರೆ.