ಬಿಸಿಲು ಡ್ರೈಯರ್: ಬಳಕೆದಾರರ ಕೈಪಿಡಿ
ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗಕ್ಕೆ ಮಾತ್ರ

ಅಭಿನಂದನೆಗಳು. ನೀವು ದುಡ್ಡು ಕೊಟ್ಟು ತಂದಿಲ್ಲದ, ಅಂಗಡಿಯವರು ಬಂದು ಕೂಡಿಸಿ ಹೋಗಿಲ್ಲದ, ಆದರೂ ನಿಮ್ಮ ಅಜ್ಜಿಯ ಕಾಲದಿಂದ ಮಾಳಗಿಯ ಮೇಲೆ ಚಾಲೂ ಇರುವ ಯಂತ್ರಕ್ಕೆ ನೀವು ಒಡೆಯರು. ಕೈಪಿಡಿ ಓದದೆ ಮಷೀನು ಚಾಲೂ ಮಾಡುವುದು ನಮ್ಮ ಕಡೆಯ ಪದ್ಧತಿ. ಆದ್ದರಿಂದಲೇ ಇದಕ್ಕೆ ಇಲ್ಲಿಯವರೆಗೂ ಯಾರೂ ಕೈಪಿಡಿ ಬರೆದಿರಲಿಲ್ಲ. ಈಗ ಪೇಟೆಯಲ್ಲಿ ಅರಬಿಯನ್ನು ಕರೆಂಟಿನಿಂದಲೇ ಒಣಗಿಸಿ ಕೊಡುವ ಮಷೀನುಗಳು ಬಂದು ಕುಳಿತಿವೆ. ಅವುಗಳ ಜೊತೆ ದಪ್ಪನೆಯ ಪುಸ್ತಕವೂ ಬರುತ್ತದೆ. ನಮ್ಮದಕ್ಕೂ ಒಂದು ಇರಲಿ.

ಯಂತ್ರದ ಶಕ್ತಿ

ನಮ್ಮ ಭಾಗದಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸರಾಸರಿ ಐದು ಯೂನಿಟ್ಟಿಗೂ ಮೇಲ್ಪಟ್ಟು ಬಿಸಿಲು ಬೀಳುತ್ತದೆ. ಒಂದು ಸೀರೆಯನ್ನು ಮಾಳಗಿಯ ಮೇಲೆ ಅಗಲಿಸಿ ಹಾಸಿದರೆ ಆರು ಚದರ ಮೀಟರ್ ಆದೀತು. ಅಂದರೆ ಬೆಳಗಿನಿಂದ ಸಂಜೆತನಕ ಒಂದು ಸೀರೆಯ ಮೇಲೆ ಮೂವತ್ತು ಯೂನಿಟ್ಟು ಪುಕ್ಕಟೆ ಸುರಿಯುತ್ತದೆ. ಮೇ ತಿಂಗಳಲ್ಲಿ ಪಾರಾ 42, 43 ಡಿಗ್ರಿ ಮುಟ್ಟಿದಾಗ ಸೀರೆಗೆ ಅಷ್ಟು ಹೊತ್ತು ಎಲ್ಲಿ ಬೇಕು? ಈ ತುದಿ ಹಾಸಿ ಆ ತುದಿಗೆ ಹೋಗುವುದರೊಳಗೆ ಈ ತುದಿ ಒಣಗಿರುತ್ತದೆ.

ಕರೆಂಟಿನ ಮಷೀನಿನ ಲೆಕ್ಕ ಬೇರೆ. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು ಮುಕ್ಕಾಲಿಗಿಂತ ತುಸು ಕಡಿಮೆ ಯೂನಿಟ್ಟಿನಷ್ಟು ಕಾವು ಬೇಕು. ಅದನ್ನು ಸೂರ್ಯ ಕೊಟ್ಟರೂ ಅಷ್ಟೇ, ಕಾಯಿಲು ಕೊಟ್ಟರೂ ಅಷ್ಟೇ. ಚೆನ್ನಾಗಿ ಹಿಂಡಿದ ಒಂದು ಮಷೀನು ಅರಬಿಯಲ್ಲಿ ಇನ್ನೂ ಮೂರು ಲೀಟರ್ ನೀರು ಅಡಗಿರುತ್ತದೆ. ಹೀಗಾಗಿ ಸಾದಾ ಡ್ರೈಯರ್ ಒಂದು ಸಲಕ್ಕೆ ಎರಡೂವರೆಯಿಂದ ನಾಲ್ಕು ಯೂನಿಟ್ಟು ತಿನ್ನುತ್ತದೆ. ಆವಿಯ ಕಾವನ್ನೇ ಮರಳಿ ಹಿಡಿದು ದುಡಿಸುವ ಹೀಟ್ ಪಂಪಿನ ಮಾದರಿ ಇದರ ಅರ್ಧದಲ್ಲಿ ಮುಗಿಸುತ್ತದೆ, ಆದರೆ ಅದರ ಬೆಲೆ ಕೇಳಿದರೆ ನಮಗೇ ಬೆವರು ಬರುತ್ತದೆ.

ನಾಲ್ಕು ಯೂನಿಟ್ಟು ಅಂದರೆ ಎಷ್ಟು ಎಂಬುದನ್ನು ನಮ್ಮ ಕಡೆಯವರಿಗೆ ಸಿಮೆಂಟಿನಲ್ಲೇ ಹೇಳಬೇಕು. ಕಲ್ಲು ಅರೆದು, ಸುಟ್ಟು, ಮತ್ತೆ ಅರೆದು 50 ಕಿಲೋದ ಒಂದು ಚೀಲ ಸಿಮೆಂಟ್ ತಯಾರಾಗಲು ಹೆಚ್ಚುಕಡಿಮೆ ಅಷ್ಟೇ ಕರೆಂಟು ಬೇಕು. ನಾಲ್ಕು ಅಂಗಿ, ಎರಡು ಚಾದರ ಒಣಗಿಸಲು ಒಂದು ಚೀಲ ಸಿಮೆಂಟಿನ ಕರೆಂಟು! ವಾಡಿಯಲ್ಲಿ, ಸೇಡಂನಲ್ಲಿ, ಮಳಖೇಡದಲ್ಲಿ ಕಾರ್ಖಾನೆ ನಡೆಸುವವರೂ ಹೀಗೆ ಮಾಡುವುದಿಲ್ಲ. ಹಸಿ ಸುಣ್ಣಕಲ್ಲಿನ ಪುಡಿ ಒಣಗಿಸಲು ಅವರು ಬೇರೆ ಕಾವು ಖರ್ಚು ಮಾಡದೆ ಭಟ್ಟಿಯಿಂದ ಹೊರಬೀಳುವ ಬಿಸಿ ಗಾಳಿಯನ್ನೇ ತಿರುಗಿಸಿ ಬಿಡುತ್ತಾರೆ.

ಒಂದು ಸೂಚನೆ. ನಿಮ್ಮ ಮನೆಯ ಎರಡು ಡಬ್ಬಿಯ ಮಷೀನಿನಲ್ಲಿ ಗಿರ್ರನೆ ತಿರುಗುವ ಸಣ್ಣ ಡಬ್ಬಿ ಬರೀ ಹಿಂಡುತ್ತದೆ, ಒಣಗಿಸುವುದಿಲ್ಲ. ಅದು ತಿನ್ನುವ ಕರೆಂಟು ಲೆಕ್ಕಕ್ಕೇ ಇಲ್ಲ. ನೀರನ್ನು ಆವಿ ಮಾಡುವುದಕ್ಕಿಂತ ಹಿಂಡಿ ಚೆಲ್ಲುವುದು ಬಹಳ ಸೋವಿ. ಅದನ್ನು ಧಾರಾಳವಾಗಿ ಬಳಸಿರಿ.

ಭಾಗಗಳು

ಹಗ್ಗ ಒಂದು. ಮೊಳೆ ಎರಡು. ಹಗ್ಗ ಜೋಲು ಬಿದ್ದಲ್ಲಿ ಆಸರೆ ಕೊಡಲು ಬಿದಿರಿನ ಗಳ ಒಂದು. ಕ್ಲಿಪ್ಪು ಎಷ್ಟಾದರೂ (ಪ್ಲಾಸ್ಟಿಕ್ಕಿನವು ಎರಡು ಬೇಸಿಗೆಯಲ್ಲಿ ಪುಡಿಯಾಗುತ್ತವೆ). ಹಾಸಲು ಶಹಾಬಾದಿ ಫರ್ಸಿ. ಅದು ನಿಮ್ಮ ನೆಲ, ಕಟ್ಟೆ, ಮೆಟ್ಟಿಲು, ಹಿತ್ತಲ ಕಂಪೌಂಡು ಎಲ್ಲದರಲ್ಲೂ ಇರುವುದರಿಂದ ಬೇರೆ ಕೊಟ್ಟಿಲ್ಲ.

ಮತ್ತು ಮೋಟಾರು ಒಂದು.

ಮೋಟಾರಿನ ವಿಷಯ ಬೇರೆಲ್ಲಾ ಕೈಪಿಡಿಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ, ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ಈ ಯಂತ್ರದ ಮೋಟಾರು ಸಾಮಾನ್ಯವಾಗಿ ಅವ್ವ, ಇಲ್ಲವೆ ಸೊಸೆ, ಅಕ್ಕ, ವೈನಿ. ಹಸಿ ಅರಬಿಯ ಹತ್ತು ಕಿಲೋ ಬಕೀಟು ಹಿಡಿದು ಮಾಳಗಿ ಹತ್ತುವುದು ಮೋಟಾರಿನ ಮೊದಲ ಕೆಲಸ. ಇದನ್ನು ಮೀಟರಿನ ಭಾಷೆಗೆ ಇಳಿಸಿ ನೋಡಿದೆ: ಹತ್ತು ಕಿಲೋವನ್ನು ಹನ್ನೊಂದು ಫೂಟು ಎತ್ತಿದರೆ ಒಂದು ಯೂನಿಟ್ಟಿನ ಹತ್ತು ಸಾವಿರದ ಒಂದು ಪಾಲೂ ತುಂಬುವುದಿಲ್ಲ. ಕರೆಂಟು ಕೊಡುವ ಜೆಸ್ಕಾಂ ಲೆಕ್ಕದಲ್ಲಿ ಅವ್ವನ ಮೊಣಕಾಲು ನೋವು ಶೂನ್ಯ. ಆಮೇಲೆ ಒಂದೊಂದೇ ಝಾಡಿಸುವುದು, ಹಾಕುವುದು, ಮಧ್ಯಾಹ್ನ ಮಗ್ಗಲು ಬದಲಿಸುವುದು, ಮೋಡದ ಮೇಲೆ ಒಂದು ಕಣ್ಣಿಡುವುದು, ತೆಗೆಯುವುದು, ಮಡಚುವುದು. "ನಮ್ಮ ಮನ್ಯಾಗ ಅರಬಿ ಒಣಗ್ಸಾಕ ಒಂದು ಪೈಸಾ ಖರ್ಚಿಲ್ಲ ನೋಡ್ರಿ" ಎಂದು ಕಟ್ಟೆಯ ಮೇಲೆ ಕೂತು ಹೇಳುವ ಯಜಮಾನರು ಎಂದೂ ಬಕೀಟು ಎತ್ತಿದವರಲ್ಲ. ಕಂಪನಿಯ ಶಿಫಾರಸು: ವಾರಕ್ಕೆ ಎರಡು ಸಲವಾದರೂ ಮೋಟಾರು ಬದಲಿಸಿರಿ. ಗಂಡಸು ಮೋಟಾರು ಈ ಯಂತ್ರಕ್ಕೆ ಹೊಂದುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ.

ಅಳವಡಿಕೆ

ಈ ಭಾಗವನ್ನು ನಗದೆ ಓದಿರಿ. ಹಗ್ಗದ ಬದಲು ಕಬ್ಬಿಣದ ತಂತಿ ಕಟ್ಟಬೇಡಿರಿ. ತಂತಿ ಬಹಳ ವರ್ಷ ಬಾಳುತ್ತದೆ, ನಿಜ. ಆದರೆ ಕಂಬದಿಂದ ಮನೆಗೆ ಬರುವ ಸರ್ವಿಸ್ ವಾಯರಿನ ಹೊದಿಕೆ ಬಿಸಿಲಿಗೆ ಸಿಡಿದು, ವಾಯರು ಗಾಳಿಗೆ ತೂಗಾಡಿ, ತಂತಿಗೋ ತಗಡಿನ ಪತ್ರಾಕ್ಕೋ ಮುಟ್ಟಿತೆಂದರೆ ಹಸಿ ಸೀರೆ ಹಿಡಿದ ಕೈಗೆ ತಪ್ಪಿಸಿಕೊಳ್ಳಲು ಹಾದಿಯಿಲ್ಲ. ಅರಬಿ ಒಣಹಾಕಲು ಹೋಗಿ ಶಾಕ್ ಹೊಡೆದವರ, ಅವರನ್ನು ಬಿಡಿಸಲು ಹೋಗಿ ಜೊತೆಗೇ ಹೋದವರ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ನೈಲಾನ್ ಇಲ್ಲವೆ ನಾರಿನ ಹಗ್ಗ ಕಟ್ಟಿರಿ. ಕರೆಂಟಿನ ಕಂಬಕ್ಕೆ, ಡಿಶ್ಶಿನ ಪೈಪಿಗೆ ಕಟ್ಟಬೇಡಿರಿ. ಯಾರಿಗಾದರೂ ಶಾಕ್ ಹಿಡಿದರೆ ಮುಟ್ಟಬೇಡಿರಿ. ಮೊದಲು ಮೇನ್ ಸ್ವಿಚ್ಚು ಆರಿಸಿರಿ; ಕಂಬದಿಂದ ಬರುವ ಸರ್ವಿಸ್ ವಾಯರಿಗೆ ಅದು ಸಾಲದು, ಕಂಬದ ಕಡೆಯಿಂದಲೇ ಕರೆಂಟು ತೆಗೆಸಿರಿ.

ಬಳಸುವ ವಿಧಾನ

ನಮ್ಮ ನೀರು ಸುಣ್ಣಕಲ್ಲಿನ ಪದರಗಳ ನಡುವೆ ಹಾದು ಬಂದದ್ದು. ಬೋರಿನ ನೀರಿನಲ್ಲಿ ಸಾಬೂನು ನೊರೆ ಬಿಡುವುದಿಲ್ಲ, ಬಿಟ್ಟ ಸಾಬೂನು ಅರಬಿ ಬಿಡುವುದಿಲ್ಲ. ಮೇಲೆ ಇಂಥ ಬಿಸಿಲು. ಒಣಗಿದ ಟಾವೆಲ್ಲು ಖಡಕ್ ರೊಟ್ಟಿಯ ಹಾಗೆ ಆಗಿ, ಗೋಡೆಗೆ ಆನಿಸಿದರೆ ನಿಂತುಕೊಳ್ಳುತ್ತದೆ. ಉಪಾಯ ಇಷ್ಟೆ: ಸಾಬೂನು ಕಡಿಮೆ, ಜಾಲಾಡಿಸುವುದು ಜಾಸ್ತಿ, ಹಗ್ಗಕ್ಕೆ ಹಾಕುವ ಮುಂಚೆ ಎರಡೂ ಕೈಯಿಂದ ಹಿಡಿದು ಫಟ್ ಎನ್ನುವಂತೆ ಝಾಡಿಸುವುದು, ಪೂರ್ತಿ ಒಣಗುವ ಮುನ್ನ ಇನ್ನೊಮ್ಮೆ ಝಾಡಿಸುವುದು. ಹೀಗೆ ಝಾಡಿಸಿದ ಅಂಗಿಗೆ ಇಸ್ತ್ರಿ ಪೆಟ್ಟಿಗೆಯ ಕೆಲಸ ಅರ್ಧ ಉಳಿಯುತ್ತದೆ. ಇಸ್ತ್ರಿ ಪೆಟ್ಟಿಗೆ ಸಾವಿರ ವ್ಯಾಟಿನದು ಎಂಬುದು ನೆನಪಿರಲಿ.

ಅಂಗಿಯನ್ನು ಕೆಳ ಅಂಚು ಹಿಡಿದು ತಲೆಕೆಳಗೆ ಹಾಕಿರಿ, ಹೆಗಲಿಗೆ ಕ್ಲಿಪ್ಪಿನ ಕಿವಿ ಮೂಡುವುದಿಲ್ಲ. ಬಣ್ಣದ್ದೆಲ್ಲ ಒಳಮೈ ಹೊರಗೆ ಮಾಡಿ. ಇಳಕಲ್ ಸೀರೆ, ತಾಂಡಾದ ಕನ್ನಡಿ ಕೂಡಿಸಿದ ಕಾಂಚಳಿ ನೆರಳಿಗೇ ಸೈ. ಕರಿ ಪ್ಯಾಂಟು ಏಪ್ರಿಲ್ ಬಿಸಿಲಿನಲ್ಲಿ ನಾಲ್ಕು ತಾಸು ಮರೆತರೆ ಬೂದಿ ಪ್ಯಾಂಟು ಆಗುತ್ತದೆ.

ಕೌದಿಗೆ ಹಗ್ಗ ತಾಳುವುದಿಲ್ಲ. ಹಳೇ ಸೀರೆ, ಹಳೇ ದೋತ್ರ ಪದರ ಪದರ ಹೊಲಿದ ಕೌದಿ ತೊಯ್ದರೆ ಇಬ್ಬರು ಎದುರುಬದರು ನಿಂತು ತಿರುವಿ ಹಿಂಡಬೇಕು. ಆಮೇಲೆ ಅದನ್ನು ಫರ್ಸಿಯ ಮೇಲೆ ಹಾಸುವುದೇ ಸರಿ: ಮೇಲಿಂದ ಬಿಸಿಲು, ಕೆಳಗಿಂದ ಕಾದ ಕಲ್ಲು. ಸಾಧ್ಯವಿದ್ದವರು ಮೊದಲಿನಿಂದ ಕೌದಿಗಳನ್ನು ಕಾಗಿಣಾ ನದಿಯ ದಂಡೆಗೇ ಒಯ್ಯುತ್ತ ಬಂದಿದ್ದಾರೆ. ಅಲ್ಲಿ ಕಲ್ಲು ತಾನೇ ಹಾಸಿಕೊಂಡು ಬಿದ್ದಿದೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟರು ಆಳಿದ ಮಾನ್ಯಖೇಟ ಇದೇ ದಂಡೆಯ ಮಳಖೇಡ. ಅವರ ಅರಸ ಅಮೋಘವರ್ಷ ನೃಪತುಂಗನ ದೋತ್ರ ಎಲ್ಲಿ ಒಣಗುತ್ತಿತ್ತು ಎಂದು ಯಾವ ಪಾಠದಲ್ಲೂ ನಮಗೆ ಹೇಳಿಕೊಟ್ಟಿಲ್ಲ, ಆದರೆ ಊಹಿಸಲು ಪಂಡಿತರೇ ಬೇಕೆಂದಿಲ್ಲ.

ಗಾಳಿ, ದೂಳು, ಪಾಳಿ

ಬೇರೆ ಊರಿನವರು ಅರಬಿ ಹಾಕುವಾಗ ಸೂರ್ಯನನ್ನು ನೋಡುತ್ತಾರೆ. ನಾವು ಗಾಳಿ ನೋಡುತ್ತೇವೆ. ಚಿಮಣಿ ಯಾವ ದಿಕ್ಕಿಗೆ, ಗಣಿ ಯಾವ ದಿಕ್ಕಿಗೆ, ಕಲ್ಲು ಕೊಯ್ದು ಪಾಲಿಶ್ ಮಾಡುವಲ್ಲಿ ಚೆಲ್ಲಿದ ರಾಡಿ ಒಣಗಿ ಪುಡಿಯಾಗಿ ಎದ್ದದ್ದು ಯಾವ ಕಡೆಯಿಂದ ಬರುತ್ತದೆ, ಲಾರಿಯ ಹಾದಿ ಎಷ್ಟು ದೂರ, ಇಷ್ಟು ತಿಳಿಯದವರು ಬಿಳಿ ದೋತ್ರ ತೊಳೆಯಬಾರದು. ಹಸಿ ಅರಬಿಯ ಮೇಲೆ ಕೂತ ದೂಳು ಒಣಗಿದ ಮೇಲೆ ಝಾಡಿಸಿದರೆ ಅರ್ಧ ಹೋಗುತ್ತದೆ, ಅರ್ಧ ನಿಮ್ಮ ಜೊತೆ ಮದುವೆಗೆ ಬರುತ್ತದೆ.

ತೊಗರಿ ರಾಶಿಯ ಹಂಗಾಮಿನಲ್ಲಿ ಇನ್ನೊಂದು ತೊಂದರೆ. ರಾಶಿ ಮಷೀನಿನ ಹೊಟ್ಟು ಗಾಳಿಯಲ್ಲಿ ತೇಲಿ ಬಂದು ಬನಿಯನ್ನಿನ ಒಳಮೈ ಸೇರುತ್ತದೆ. ಅದನ್ನು ಹಾಕಿಕೊಂಡು ಬಸ್ಸಿನಲ್ಲಿ ಸೇಡಂನಿಂದ ಕಲಬುರಗಿ ಮುಟ್ಟುವವರ ತುರಿಕೆಯನ್ನು ಈ ಕೈಪಿಡಿ ವರ್ಣಿಸುವುದಿಲ್ಲ. ಆ ದಿನಗಳಲ್ಲಿ ಮಾಳಗಿ ಹೇಗೂ ತೊಗರಿಯದು. ಬೇಸಿಗೆಯಲ್ಲಿ ಮೆಣಸಿನಕಾಯಿ, ಸಂಡಿಗೆ, ಹಪ್ಪಳ. ಶ್ಯಾವಿಗೆಯಂತೂ ಗಳವನ್ನೇ ಕೇಳುತ್ತದೆ. ಪಾಳಿ ಹಚ್ಚಿ ನಡೆಸಿರಿ. ಮೆಣಸಿನಕಾಯಿ ಒಣಗಿದ ಜಾಗದಲ್ಲಿ ಒಳ ಅರಬಿ ಹಾಸಬಾರದು. ಕಾರಣ ಬರೆಯುವುದಿಲ್ಲ.

ಮಳೆಗಾಲದ ವಿಧಾನ

ಜೂನಿನಿಂದ ಯಂತ್ರದ ಶಕ್ತಿ ಇಳಿಯುತ್ತದೆ. ಚಿಂಚೋಳಿಯ ಕಾಡು ಗುಡ್ಡದ ಕಡೆಯವರಿಗೆ ಇನ್ನಷ್ಟು. ಕಾಗಿಣಾ ತುಂಬಿ ಮಳಖೇಡದ ಸೇತುವೆಯ ಮೇಲೆ ನೀರು ಹರಿಯುವ ದಿನ ಅರಬಿ ತೊಳೆಯುವ ಯೋಚನೆಯನ್ನೇ ಬಿಡಿರಿ. ಮಧ್ಯಾಹ್ನ ಮೋಡ ಕಟ್ಟಿತೆಂದರೆ ಅಪಾಯದ ಗಂಟೆ ಓಣಿಯೇ ಬಾರಿಸುತ್ತದೆ: "ಯವ್ವಾ, ಮಳಿ ಬಂತು, ಅರಬಿ ತಗೀರಿ!" ಯಾರು ಮನೆಯಲ್ಲಿದ್ದರೆ ಅವರು ಎಲ್ಲರದ್ದೂ ತೆಗೆಯುತ್ತಾರೆ. ಸಂಜೆ ಬಾಗಿಲಲ್ಲಿ "ವೈನಿ, ನಿಮ್ಮವೂ ತಂದಿಟ್ಟೀನ್ರಿ" ಎಂದು ಗಂಟು ಬರುತ್ತದೆ. ಅದರಲ್ಲಿ ಒಂದು ಕಾಲುಚೀಲ ಯಾವಾಗಲೂ ಬೇರೆಯವರದು.

ಮಳೆಗಾಲದಲ್ಲಿ ನಿಜವಾದ ಕರೆಂಟು ಖರ್ಚಾಗುವುದು ಶಾಲೆಯ ಸಮವಸ್ತ್ರಕ್ಕೆ. ಇರುವುದು ಒಂದೇ ಜೋಡಿ, ನಾಳೆ ಸೋಮವಾರ. 75 ವ್ಯಾಟಿನ ಫ್ಯಾನು ಎಂಟು ತಾಸು ತಿರುಗಿದರೆ 0.6 ಯೂನಿಟ್ಟು. ಒಂದು ಚಡ್ಡಿಗೂ ಅಷ್ಟೇ, ಇಪ್ಪತ್ತು ಅರಬಿಗೂ ಅಷ್ಟೇ. ಆದ್ದರಿಂದ ಬೇರೆ ಕೋಣೆಯಲ್ಲಿ ಚಡ್ಡಿಗೊಂದು ಫ್ಯಾನು ಬಿಡುವ ಬದಲು, ಮಂದಿ ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿ ಎಲ್ಲವನ್ನೂ ಹಾಕಿರಿ, ಕಿಟಕಿ ತುಸು ತೆಗೆದಿಡಿರಿ. ಫ್ಯಾನು ಹೇಗೂ ನಿಮ್ಮ ಸಲುವಾಗಿ ತಿರುಗುತ್ತಿರುತ್ತದೆ. ಬೆಳಗ್ಗೆ ಎಂಟಕ್ಕೆ ಹಸಿ ಪ್ಯಾಂಟಿನ ಮೇಲೆ ಇಸ್ತ್ರಿ ಒತ್ತಿ ಆವಿ ಎಬ್ಬಿಸುವುದು ಅತ್ಯಂತ ತುಟ್ಟಿಯ ವಿಧಾನ, ವಾಸನೆಯಂತೂ ಹೋಗುವುದೇ ಇಲ್ಲ.

ಪೆಟ್ಟಿಗೆಯ ಮೇಲೆ ಬರೆಯದ ಸೌಲಭ್ಯ

ನೀರು ಆವಿಯಾಗುವಾಗ ಕಾವು ಎಳೆದುಕೊಳ್ಳುತ್ತದೆ ಎಂದೆವಲ್ಲ, ಆ ಕಾವು ಎಲ್ಲಿಂದ ಬರುತ್ತದೆ? ನಿಮ್ಮ ಪಡಸಾಲೆಯ ಗಾಳಿಯಿಂದಲೂ ಬರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಗಾಳಿ ಎಷ್ಟು ಒಣದೆಂದರೆ ತೊಯ್ದ ಚಾದರವನ್ನು ಗಾಳಿ ಬೀಸುವ ಬಾಗಿಲಿಗೆ ಇಳಿಬಿಟ್ಟರೆ ಒಳಗೆ ತಂಪು. ಪೇಟೆಯ ಕೂಲರಿನೊಳಗೂ ನಡೆಯುವುದು ಇದೇ. ಹುಲ್ಲಿನ ಪ್ಯಾಡು, ನೀರು, ಫ್ಯಾನು. ಅಂದರೆ ಅರಬಿಯೂ ಒಣಗಿತು, ಕೂಲರೂ ಎರಡು ತಾಸು ವಿಶ್ರಾಂತಿ ಪಡೆಯಿತು. ಜುಲೈನಲ್ಲಿ ಇದನ್ನು ಮಾಡಿದರೆ ಚಾದರವೂ ಒಣಗುವುದಿಲ್ಲ, ನೀವೂ ಒಣಗುವುದಿಲ್ಲ.

ಇನ್ನೂರರ ಗೆರೆ

2023ರ ಆಗಸ್ಟ್ 5ರಂದು ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ. ಅಂದಿನಿಂದ "ಕರೆಂಟು ಉಳಿಸಿ ಏನು ಮಾಡೂದೈತಿ, ಬಿಲ್ಲೇ ಇಲ್ಲ" ಎಂಬವರಿದ್ದಾರೆ. ಅವರು ನಿಯಮ ಇನ್ನೊಮ್ಮೆ ಓದಲಿ. ಪುಕ್ಕಟೆ ಸಿಗುವುದು ಎಲ್ಲರಿಗೂ 200 ಯೂನಿಟ್ಟಲ್ಲ. 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ ಎಷ್ಟಿತ್ತೋ ಅದು, ಅದರ ಮೇಲೆ ಶೇ 10 (ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ಟು). ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. 195ರಲ್ಲಿ ನಿಂತ ಮನೆ ಡ್ರೈಯರ್ ತಂದು ವಾರಕ್ಕೆ ಮೂರು ಸಲ ತಿರುಗಿಸಿದರೆ ತಿಂಗಳಿಗೆ ಮೂವತ್ತೈದು, ನಲವತ್ತು ಯೂನಿಟ್ಟು ಏರಿ, ಶೂನ್ಯವಿದ್ದ ಬಿಲ್ಲು ಸಾವಿರ ರೂಪಾಯಿ ದಾಟುತ್ತದೆ. ಕೇಳಿದರೆ ಒಣಗಿದ್ದು ಬರೀ ಅರಬಿ.

ದೂರು ಮತ್ತು ಪರಿಹಾರ

ಅರಬಿಯ ಮೇಲೆ ಪಾರಿವಾಳದ ಗುರುತು: ಹಗ್ಗದ ನೇರ ಮೇಲೆ ಕೇಬಲ್ ಇದೆ, ಹಗ್ಗ ಸರಿಸಿರಿ.

ಮಂಗ ಅಂಗಿ ಒಯ್ದಿತು: ವಾರಂಟಿಯಲ್ಲಿ ಬರುವುದಿಲ್ಲ. ಮಂಗನಿಗೆ ಹೊಂದದ ಸೈಜಾದರೆ ಎರಡು ಮನೆ ಆಚೆ ಸಿಗುತ್ತದೆ.

ಮೋಟಾರು ಸಿಟ್ಟು ಮಾಡುತ್ತದೆ: "ಭಾಗಗಳು" ಇನ್ನೊಮ್ಮೆ ಓದಿರಿ.

ಹಗ್ಗಕ್ಕೇ ಹಾಕಿದರೂ ಬಿಲ್ಲು ಇಳಿದಿಲ್ಲ: ಇದು ಹೆಚ್ಚು ಬರುವ ದೂರು. ಹಗ್ಗದ ತಪ್ಪು ಹುಡುಕುವ ಮೊದಲು ಬಚ್ಚಲಿಗೆ ಹೋಗಿ ನೋಡಿರಿ. ಬಕೀಟಿನಲ್ಲಿ ನೀರು ಕಾಯಿಸಲು ಇಳಿಬಿಟ್ಟ ರಾಡು 1500 ವ್ಯಾಟಿನದು. ಅರ್ಧ ತಾಸಿಗೆ ಮುಕ್ಕಾಲು ಯೂನಿಟ್ಟು, ಮನೆಯಲ್ಲಿ ಐದು ಮಂದಿ, ಐದು ಬಕೀಟು. ಅದೇ ಬಕೀಟನ್ನು ಹತ್ತು ಗಂಟೆಗೆ ಮಾಳಗಿಯ ಮೇಲೆ, ಹಗ್ಗದ ಕೆಳಗೆ ಇಟ್ಟು ಮೇಲೊಂದು ಮುಚ್ಚಳ ಹಾಕಿರಿ. ಸ್ನಾನ ಸಂಜೆಗೆ ಸರಿಸಲು ಮನೆಯವರು ಒಪ್ಪಿದರೆ ಸರಿ. ಒಪ್ಪದಿದ್ದರೆ ದೂರನ್ನು ಅವರ ಹತ್ತಿರವೇ ದಾಖಲಿಸಿರಿ.