ರಬ್ಬರ್ ಕೆನ್ನೆಯ ಅಂಚೆ ವ್ಯಾನು

ಹಳೇ ಮಾರಿಸ್ ಮೈನರ್ ವ್ಯಾನೊಂದರ ಮುಂದಿನ ಮಡ್‌ಗಾರ್ಡನ್ನು ಬೆರಳಲ್ಲಿ ಒತ್ತಿದರೆ ಒಳಕ್ಕೆ ತಗ್ಗುತ್ತದೆ. ತುಕ್ಕೇ? ಅಲ್ಲ, ರಬ್ಬರು! ಹೆಡ್‌ಲೈಟುಗಳೋ, ಕಪ್ಪೆಯ ಕಣ್ಣಿನಂತೆ ಅದರ ನೆತ್ತಿಯ ಮೇಲೆ ಕೂತಿವೆ. ಯಾವ ಗ್ಯಾರೇಜಿನವನ ಕಿತಾಪತಿ ಇದು ಎಂದು ಬೆನ್ನುಹತ್ತಿದವರು ಕಡೆಗೆ ಬಂದು ನಿಲ್ಲುವುದು ಬ್ರಿಟನ್ನಿನ ಅಂಚೆ ಇಲಾಖೆಯ ಬಾಗಿಲಲ್ಲಿ.

1953ರಲ್ಲಿ ಈ ವ್ಯಾನು ಬಂದಾಗ ಇಲಾಖೆಯೇ ಹೇಳಿ ಮಾಡಿಸಿಕೊಂಡದ್ದು. ದಿನಾ ಅಲ್ಲಿ ಇಲ್ಲಿ ತಾಗಿಸಿಕೊಂಡು ಬರುವ ಗಾಡಿಗೆ ತಗಡು ಬಡಿಸುವ ಖರ್ಚು ಯಾರಪ್ಪನ ಗಂಟು? ರಬ್ಬರಾದರೆ ಗುದ್ದಿಸಿಕೊಂಡೂ ಏನೂ ಆಗದವರಂತೆ ಎದ್ದುಕೊಳ್ಳುತ್ತದೆ. ಆದರೆ ಮೆತ್ತನೆಯ ರಬ್ಬರಿನಲ್ಲಿ ದೀಪ ನೆಟ್ಟಗೆ ನಿಲ್ಲಬೇಕಲ್ಲ! ಅದಕ್ಕೇ ಆ ಕಪ್ಪೆಗಣ್ಣು.

ಡ್ರೈವರ್ ಎದುರಿನ ಗಾಜೂ ಕಿಟಕಿಯಂತೆ ತೆರೆಯುತ್ತಿತ್ತು. ಮಂಜಿನಲ್ಲಿ ದಾರಿ ಕಾಣುತ್ತಿತ್ತು, ಮೂಗು ಮರಗಟ್ಟುತ್ತಿತ್ತು.

ಕೆಲವೇ ವರ್ಷಗಳಲ್ಲಿ ಇಲಾಖೆ ಮಾಮೂಲಿ ತಗಡಿನ ಮಡ್‌ಗಾರ್ಡಿಗೇ ಮರಳಿತು.