ಕಾರ್ಖಾನೆಯ ಲೆಕ್ಕ, ಕುರ್ಲಾದ ತಕ್ಕಡಿ

ಮುಂಬೈಯಲ್ಲಿ ಹಳೇ ಜೀಪಿಗೆ ಬೇರೆ ಎಂಜಿನ್ ಕೂರಿಸುವುದು ಎರಡು ಹಂತದ ಕೆಲಸ. ಮೂಲದಲ್ಲಿ ಕಾರ್ಖಾನೆಯವರು ಕೊಟ್ಟ ಲೆಕ್ಕವೇನು ಎಂದು ಹುಡುಕುವುದು ಮೊದಲ ಹಂತ. ಎಂಜಿನ್ ಕೂರಿಸುವುದು ಎರಡನೆಯದು. ಎರಡನೆಯದನ್ನು ಮಾಡಿ ಮುಗಿಸಿದವರು ಯಾರೂ ಮೊದಲನೆಯದರ ಗೊಡವೆಗೆ ಹೋದವರಲ್ಲ. ಮೊದಲನೆಯದಕ್ಕೆ ಕೈ ಹಾಕಿದವರು ಇವತ್ತಿಗೂ ಅಲ್ಲೇ ಇದ್ದಾರೆ.

ಮುಲುಂಡಿನ ನಮ್ಮ ರಾಯರು ಮೊದಲ ಹಂತದವರು. ಬ್ಯಾಂಕಿನಿಂದ ನಿವೃತ್ತರು. ಆದ್ದರಿಂದ ಲೆಕ್ಕ ತಾಳೆಯಾಗದೆ ಯಾವ ಕಾಗದಕ್ಕೂ ಸಹಿ ಹಾಕುವವರಲ್ಲ. ಸೊಸೈಟಿಯ ಹಿಂಭಾಗದಲ್ಲಿ ಅವರದೊಂದು ಸಿಜೆ-3ಬಿ ಜೀಪು ನಿಂತಿದೆ, ಎತ್ತರ ಮೂತಿಯದು. ಅದರ ಹೊಟ್ಟೆಯೊಳಗೆ ಯಾವ ಕಾಲದಲ್ಲೋ ಯಾರೋ ಕೂರಿಸಿದ ಡೀಸೆಲ್ ಎಂಜಿನ್ ಈಗ ಹೊಗೆ ಬಿಟ್ಟು ಬಿಟ್ಟು ಸುಸ್ತಾಗಿದೆ. ಒಳ್ಳೆಯದೊಂದು ಎಂಜಿನ್ ಹಾಕಿಸಿ ಮಳೆಗಾಲದಲ್ಲಿ ಯೇವೂರಿನ ಗುಡ್ಡ ಹತ್ತಿಸಬೇಕು, ಆಮೇಲೆ ಊರಿನ ಕಾಫಿ ತೋಟದ ತನಕ ಓಡಿಸಿಕೊಂಡು ಹೋಗಬೇಕು ಎಂಬುದು ರಾಯರ ಸಂಕಲ್ಪ. ಅದಕ್ಕೂ ಮುಂಚೆ, "ಒರಿಜಿನಲ್ ಏನಿತ್ತು ಅನ್ನೋದು ಗೊತ್ತಾಗಬೇಕಲ್ಲ?" ಎಂದರು. ಅನಾಹುತ ಶುರುವಾದದ್ದು ಆ ಪ್ರಶ್ನೆಯಿಂದಲೇ.

ರಾಯರ ಹತ್ತಿರ ವಿಲ್ಲೀಸ್ ಕಂಪನಿಯ ಕೈಪಿಡಿಯ ಝೆರಾಕ್ಸ್ ಇದೆ. ಅದು ಝೆರಾಕ್ಸಿನ ಝೆರಾಕ್ಸಿನ ಝೆರಾಕ್ಸು. 3 ಯಾವುದು, 8 ಯಾವುದು ಎನ್ನುವುದು ಅವರವರ ಶ್ರದ್ಧೆಗೆ ಬಿಟ್ಟ ವಿಚಾರ. ಇಂಟೇಕ್ ವಾಲ್ವಿನ ಗ್ಯಾಪು 0.018 ಇಂಚೋ 0.013 ಇಂಚೋ ಎಂಬ ಬಗ್ಗೆ ಮಾಟುಂಗದ ಒಂದು ಹೋಟೆಲಿನಲ್ಲಿ ನಡೆದ ಚರ್ಚೆಯಲ್ಲಿ ನಾನೂ ಇದ್ದೆ. 0.018 ಎಂದು ತೀರ್ಮಾನವಾಗುವಷ್ಟರಲ್ಲಿ ಮೂರು ಸಲ ಫಿಲ್ಟರ್ ಕಾಫಿ ಬಂದಿತ್ತು. ಆ ವಾಲ್ವು ಇರುವ ಎಂಜಿನ್ ರಾಯರ ಜೀಪಿನಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಯಾರೂ ಎತ್ತಲಿಲ್ಲ. ಸಭಾಮರ್ಯಾದೆ ಅಂತ ಒಂದಿದೆ.

ಈ 'ಒರಿಜಿನಲ್' ಎಂಬ ದೇವರ ಜಾತಕವನ್ನು ಕೊಂಚ ಬಿಡಿಸಿ ನೋಡಬೇಕು. ಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲಿ ಇದ್ದದ್ದು 2199 ಸಿಸಿಯ ಪೆಟ್ರೋಲ್ ಎಂಜಿನ್, 60 ಎಚ್‌ಪಿ. ಆಮೇಲೆ ಕಂಪನಿಯವರು ಅದೇ ಬೋರು, ಅದೇ ಸ್ಟ್ರೋಕು ಇಟ್ಟುಕೊಂಡು ಇಂಟೇಕ್ ವಾಲ್ವುಗಳನ್ನು ಬ್ಲಾಕಿನಿಂದ ಎತ್ತಿ ಹೆಡ್ಡಿಗೆ ಸಾಗಿಸಿದರು. ಎಕ್ಸಾಸ್ಟ್ ವಾಲ್ವುಗಳು ಕೆಳಗೇ ಉಳಿದವು. ಶಕ್ತಿ 72 ಎಚ್‌ಪಿಗೆ ಏರಿತು, 'ಹರಿಕೇನ್' ಎಂದು ನಾಮಕರಣವೂ ಆಯಿತು. ಆದರೆ ಎಂಜಿನ್ ಎತ್ತರವಾಗಿಬಿಟ್ಟಿತು. ಜೀಪಿನ ಬಾನೆಟ್ ಮುಚ್ಚಲೊಲ್ಲದು. ಆಗ ಅಮೆರಿಕದ ಆ ಮಹಾ ಎಂಜಿನಿಯರುಗಳು ಏನು ಮಾಡಿದರು? ಕುರ್ಲಾದ ಯಾವ ಮಿಸ್ತ್ರಿಯನ್ನು ಕೇಳಿದರೂ ಏನು ಹೇಳುತ್ತಿದ್ದನೋ ಅದನ್ನೇ ಮಾಡಿದರು. ಬಾನೆಟ್ಟನ್ನು ಮೇಲಕ್ಕೆತ್ತಿದರು. 1953ರ ಸಿಜೆ-3ಬಿ ಹುಟ್ಟಿದ್ದು ಹೀಗೆ. ರಾಯರು ಪೂಜಿಸುವ ಆ ಎತ್ತರದ ಮೂತಿ, ಒಳಗೆ ಹಿಡಿಸದ ಎಂಜಿನ್ನನ್ನು ಹೇಗೋ ಹಿಡಿಸಿದ್ದರ ಗುರುತು. ಅಮೆರಿಕದಲ್ಲಿ 1968ರ ಹೊತ್ತಿಗೆ ಅದು ನಿಂತುಹೋಯಿತು. ನಾವು ಮುಂಬೈಯಲ್ಲಿ ಆಮೇಲೂ ವರ್ಷಗಟ್ಟಲೆ ಅದನ್ನೇ ತಯಾರಿಸಿದೆವು.

ನಾವು ಮಾಡಿದ್ದೂ ಏನು? ಸ್ವಾತಂತ್ರ್ಯದ ಹೊಸತರಲ್ಲಿ ಮಜಗಾಂವಿನಲ್ಲಿ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ಜೋಡಿಸಲು ಹೊರಟ ಕಂಪನಿ 1945ರಲ್ಲಿ ಹುಟ್ಟಿದಾಗ ಅದರ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ದೇಶ ಒಡೆಯಿತು. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಹೊರಗಿನ ಎಂ ಅಂಡ್ ಎಂ ಹಾಗೇ ಉಳಿಯಿತು, ಒಳಗಿನ ಅರ್ಧ ಬದಲಾಯಿತು. ಭಾರತದ ಜೀಪಿನ ಚರಿತ್ರೆಯ ಮೊದಲ ಬದಲಿ ಜೋಡಣೆ ಇದೇ ಇರಬೇಕು. ಬೋಲ್ಟು ಎಷ್ಟು ಚೆನ್ನಾಗಿ ತಾಳೆಯಾಯಿತೆಂದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಪೆಟ್ರೋಲ್ ತುಟ್ಟಿಯಾದ ಕಾಲಕ್ಕೆ ಕಂಪನಿಯೇ ಜೀಪಿನೊಳಗೆ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಕೂರಿಸಿ ಮಾರಿತು. ಹೊಲ ಉಳಲು ಹುಟ್ಟಿದ 2350 ಸಿಸಿಯ ಜೀವ ತಹಶೀಲ್ದಾರರನ್ನು ಹೊತ್ತು ತಿರುಗಿತು. 80ರ ದಶಕದಲ್ಲಿ ಫ್ರಾನ್ಸಿನ ಪೂಜೋ ಬಂತು: ಎಕ್ಸ್‌ಡಿಪಿ 4.90, 2112 ಸಿಸಿ, 4500 ಆರ್‌ಪಿಎಮ್ಮಿನಲ್ಲಿ 62 ಎಚ್‌ಪಿ. 4.90 ಎಂದರೆ ನಾಲ್ಕು ಸಿಲಿಂಡರು, 90 ಮಿಲಿಮೀಟರ್ ಬೋರು. ಫ್ರೆಂಚರು ಲೆಕ್ಕವನ್ನು ಹೆಸರಿನಲ್ಲೇ ಬರೆದಿಟ್ಟದ್ದರಿಂದ ರಾಯರಿಗೆ ಅವರ ಮೇಲೆ ವಿಶೇಷ ಪ್ರೀತಿ. ಅಮೆರಿಕದ ಚಾಸಿ, ಬ್ರಿಟಿಷ್ ಟ್ರ್ಯಾಕ್ಟರಿನ ಹೃದಯ, ಆಮೇಲೆ ಫ್ರೆಂಚ್ ಹೃದಯ, ಇಷ್ಟಾದರೂ ಹೆಸರು ಜೀಪು. ಇದರಲ್ಲಿ ಒರಿಜಿನಲ್ ಯಾವುದು ಎಂದು ಕೇಳಿದರೆ ರಾಯರು, "ಅದೇ ಹುಡುಕ್ತಾ ಇದ್ದೇನೆ" ಎನ್ನುತ್ತಾರೆ.

ಇನ್ನು ಈ ಎಚ್‌ಪಿ. ವಿಲ್ಲೀಸಿನವರ 72ನ್ನೂ ಪೂಜೋದವರ 62ನ್ನೂ ಪಕ್ಕಪಕ್ಕ ಬರೆದು ರಾಯರು ವಾರಗಟ್ಟಲೆ ಕೊರಗಿದರು, ಹೊಸದು ಹಾಕಿಸಿದರೆ 10 ಎಚ್‌ಪಿ ನಷ್ಟವೆಂದು. ಆ ಕಾಲದ ಅಮೆರಿಕದ ಕಂಪನಿಗಳು ಎಂಜಿನ್ನನ್ನು ಬೆಂಚಿನ ಮೇಲೆ ಕೂರಿಸಿ, ಫ್ಯಾನು, ಡೈನಮೊ, ಸೈಲೆನ್ಸರು ಎಲ್ಲ ಬಿಚ್ಚಿಟ್ಟು ಅಳೆಯುತ್ತಿದ್ದವು. 1972ರ ಮಾಡೆಲುಗಳಿಂದೀಚೆಗಷ್ಟೇ ಅಲ್ಲಿ ಎಲ್ಲವನ್ನೂ ಜೋಡಿಸಿ ಅಳೆದ ನಿವ್ವಳ ಲೆಕ್ಕ ಬಂದದ್ದು. ಹಳೆಯ ಕ್ಯಾಟಲಾಗಿನ ಎಚ್‌ಪಿ ಎಂದರೆ ಗಂಡಿನ ಕಡೆಯವರು ಹೇಳುವ ಸಂಬಳ ಇದ್ದ ಹಾಗೆ: ಪಿಎಫ್, ಟ್ಯಾಕ್ಸ್, ಸೊಸೈಟಿ ಸಾಲ ಯಾವುದನ್ನೂ ಕಳೆದಿರುವುದಿಲ್ಲ. ಮುಂಬೈಯಲ್ಲಿ ಹೆಣ್ಣು ಹೆತ್ತವರು ಕೈಗೆಷ್ಟು ಬರುತ್ತದೆ ಎಂದು ಕೇಳಿ ತಿಳಿದುಕೊಳ್ಳುತ್ತಾರೆ. ಜೀಪು ಕೊಂಡವರು ಕೇಳುವುದಿಲ್ಲ.

ಅಂದಹಾಗೆ ಈ ಎಚ್‌ಪಿ ಓಡಬೇಕಾದದ್ದಾದರೂ ಎಲ್ಲಿ? ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ. 2024ರ ಅಕ್ಟೋಬರಿನಲ್ಲಿ ಮುಲುಂಡ್ ನಾಕಾದಲ್ಲಿ ಕಾರುಗಳಿಗೆ ಟೋಲ್ ರದ್ದಾಯಿತು, ಸಾಲು ರದ್ದಾಗಲಿಲ್ಲ. ಆ ಸಾಲಿನಲ್ಲಿ ಲಕ್ಷಾಂತರ ರೂಪಾಯಿಯ ಫೋರ್-ವೀಲ್-ಡ್ರೈವ್ ಗಾಡಿಗಳು ತಮ್ಮ ನೂರೈವತ್ತು ಕುದುರೆಗಳನ್ನು ಕಟ್ಟಿಹಾಕಿಕೊಂಡು ಎಸಿ ಹಾಕಿ ನಿಂತಿರುತ್ತವೆ. ಅವುಗಳ ಪಕ್ಕದಲ್ಲೇ ರಾಯರ ಜೀಪೂ ನಿಂತರೆ ಸಮಾನತೆ ಎಂದರೇನು ಎಂದು ತಿಳಿಯುತ್ತದೆ. ಸಿಜೆ-3ಬಿಯ ಆಕ್ಸಲ್ ಅನುಪಾತ 5.38. ಟಾಪ್ ಗೇರಿನಲ್ಲಿ ಎಂಜಿನ್ 3000 ಸುತ್ತು ತಿರುಗಿದರೆ ಜೀಪು ಓಡುವುದು ಗಂಟೆಗೆ 75 ಕಿಲೋಮೀಟರ್ ಆಸುಪಾಸು. ನಿಧಾನಕ್ಕೆ ತಿರುಗುವ ಡೀಸೆಲ್ ಹಾಕಿಸಿದರೆ ಆ ಆಕ್ಸಲ್ಲೂ ಬದಲಾಗಬೇಕು, ಇಲ್ಲವಾದರೆ ಪನ್ವೇಲ್ ದಾಟುವಷ್ಟರಲ್ಲಿ ಕಿವಿ ಹೋಗುತ್ತದೆ. ಆಕ್ಸಲ್ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಹೀಗೆ ರಾಯರ ಫೈಲು ದಪ್ಪವಾಗುತ್ತ ಹೋಯಿತು.

ಜೋಗೇಶ್ವರಿಯಲ್ಲಿ ಕುಂದಾಪುರದ ಕಡೆಯವರೊಬ್ಬರ ಗ್ಯಾರೇಜಿದೆ. ಎಷ್ಟೋ ಜೀಪುಗಳ ಎಂಜಿನ್ ಇಳಿಸಿ ಏರಿಸಿದ ಕೈ. ರಾಯರು ಫೈಲು ಬಿಚ್ಚಿ ಬೆಲ್ ಹೌಸಿಂಗಿನ ನಕ್ಷೆ ತೋರಿಸಿದರು. ಗ್ಯಾರೇಜಿನವರು ನಕ್ಷೆ ನೋಡಲಿಲ್ಲ, ಬಾನೆಟ್ ಎತ್ತಿ ಒಳಗೆ ಗೇಣು ಹಾಕಿದರು. "ಎಂತ ಮಾರಾಯ್ರೆ, ಕಾಗದ ನೋಡಿ ಎಂಜಿನ್ ಕೂರಿಸುದಾ? ಜಾಗ ನೋಡಿ ಕೂರಿಸುದು. ನಡುವೆ ಒಂದು ಪ್ಲೇಟು ಲೇತಿನಲ್ಲಿ ಮಾಡಿಸುವ, ಮೌಂಟಿಂಗ್ ವೆಲ್ಡ್ ಮಾಡುವ, ಆಯ್ತು." ಪ್ಲೇಟಿನ ದಪ್ಪ ಎಷ್ಟು, ಕಾರ್ಖಾನೆಯ ಲೆಕ್ಕದ ಪ್ರಕಾರ? "ಕ್ಲಚ್ಚು ಬಿಡುವಷ್ಟು." ರಾಯರು ಅದನ್ನು ಬರೆದುಕೊಂಡು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೇ ಸಾಮಾನಿನ ಅಂಗಡಿಗಳಲ್ಲಂತೂ ಎಂಜಿನ್ನಿಗೆ ಇರುವುದು ಒಂದೇ ಸ್ಪೆಸಿಫಿಕೇಶನ್, ತೂಕ. ಎಚ್‌ಪಿ ಎಷ್ಟು ಎಂದು ಕೇಳಿದರೆ ಎಂಜಿನ್ನನ್ನು ಕಾಟಾದ ಮೇಲೆ ಇಡುತ್ತಾರೆ. ನಾನು ಕಂಡ ಮಟ್ಟಿಗೆ ಮುಂಬೈಯಲ್ಲಿ ಎಂಜಿನ್ ಬಗ್ಗೆ ಯಾರೂ ಅಲ್ಲಗಳೆಯಲಾಗದ ಸಂಖ್ಯೆ ಸಿಗುವುದು ಅಲ್ಲಿ ಮಾತ್ರ.

ಇಷ್ಟರ ನಡುವೆ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುವುದಿಷ್ಟು: ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ಗಾಡಿಗೂ ವ್ಯತ್ಯಾಸ ಬರುವಂತೆ ಮಾಲೀಕ ಏನನ್ನೂ ಬದಲಿಸಕೂಡದು. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ 182-ಎ ಕಲಮನ್ನು ಸೇರಿಸಿತು. ಅದರ ಪ್ರಕಾರ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. 'ಒಂದೊಂದು' ಎಂಬಲ್ಲಿ ರಾಯರೊಳಗಿನ ಬ್ಯಾಂಕಿನವರು ಎದ್ದು ಕೂತರು. ಎಂಜಿನ್ ಒಂದು. ಪ್ಲೇಟು ಎರಡೋ, ಎಂಜಿನ್ನಿನಲ್ಲೇ ಸೇರಿತೋ? ರೇಡಿಯೇಟರಿಗೆ ಬೇರೆ ರಸೀದಿಯೇ? ಆರು ತಿಂಗಳೂ ಹೀಗೇ ಗುಣಾಕಾರವೇ?

ಕಾರ್ಖಾನೆ ಬೇಕೆಂದಾಗ ಟ್ರ್ಯಾಕ್ಟರಿನ ಎಂಜಿನ್ ತುರುಕಬಹುದು, ಅದು ಹೊಸ ಮಾಡೆಲು. ಅದನ್ನೇ ಮಾಲೀಕ ತುರುಕಿದರೆ ಅಪರಾಧ. ಸುರಕ್ಷತೆಯ ದೃಷ್ಟಿಯಿಂದ ಇದರಲ್ಲಿ ಅರ್ಥವಿದೆ ಎಂದು ನಾನೂ ಒಪ್ಪುತ್ತೇನೆ. ಅರುವತ್ತು ಎಚ್‌ಪಿಗೆ ಮಾಡಿದ ಡ್ರಮ್ ಬ್ರೇಕು ನೂರಕ್ಕೆ ನಿಲ್ಲುವುದಿಲ್ಲ, ಕಸಾರಾ ಘಾಟಿನ ಇಳಿಜಾರಿನಲ್ಲಿ ಜುಗಾಡ್ ಕೆಲಸಕ್ಕೆ ಬರುವುದಿಲ್ಲ. ಆದರೆ ಅದೇ ಕಾಯ್ದೆಯ ಇನ್ನೊಂದು ಮೂಲೆ ನೋಡಿ. ಕನಿಷ್ಠ ಹತ್ತು ಸಾರಿಗೆ ವಾಹನಗಳಿರುವ ಧಣಿಗೆ ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಅಧಿಕಾರ ಕೊಟ್ಟರೆ, ಅವನು ಅದೇ ಕಂಪನಿಯ ಅದೇ ನಮೂನೆಯ ಎಂಜಿನ್ನನ್ನು ಮುಂಚಿತ ಅನುಮತಿ ಇಲ್ಲದೆಯೇ ಬದಲಿಸಿಕೊಳ್ಳಬಹುದು. ಒಂದು ಗಾಡಿಯವನು ಸಂಶಯಾಸ್ಪದ, ಹತ್ತು ಗಾಡಿಯವನು ಸಂಸ್ಥೆ. ಇನ್ನೂ ಒಂಬತ್ತು ಜೀಪು ಕೊಳ್ಳುವ ಯೋಚನೆ ರಾಯರಿಗೆ ಒಂದು ಸಂಜೆ ಬಂದಿತ್ತು. ಅವರ ಮನೆಯವರು ಅದನ್ನು ಅಲ್ಲಿಗೇ ನಿಲ್ಲಿಸಿದರು. ಆ ಮನೆಯಲ್ಲಿ ಅವರದೇ ಸುಪ್ರೀಂ ಕೋರ್ಟು.

ಎಂಜಿನ್ ಬಗ್ಗೆ ನಮ್ಮ ಕಾನೂನಿಗಿರುವ ಈ ನಿಷ್ಠೆ ಜಗತ್ತಿನ ಎಲ್ಲ ಕಡೆ ಇಲ್ಲ. ಮಹೀಂದ್ರಾ ಕಂಪನಿ ತನ್ನ ಹಳೇ ಜೀಪಿನ ಮೊಮ್ಮಗನಂಥ 'ರಾಕ್ಸರ್' ಗಾಡಿಯನ್ನು ಅಮೆರಿಕದಲ್ಲಿ ಮಾರಲು ಹೋದಾಗ ಜೀಪ್ ಬ್ರಾಂಡಿನ ಒಡೆಯರು ದಾವೆ ಹೂಡಿದರು. 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಮಹೀಂದ್ರಾ ವಿರುದ್ಧ ತೀರ್ಪು ಕೊಟ್ಟಿತು, ಕಂಪನಿ ಗಾಡಿಯ ಚಹರೆ ಬದಲಿಸಿಕೊಂಡು ಮುಂದೆ ಹೋಯಿತು. ಆ ಜಗಳವೆಲ್ಲ ಹೊರಗಿನ ರೂಪದ್ದು, ಒಳಗೆ ಕೂತ ಡೀಸೆಲಿನದಲ್ಲ. ಅಲ್ಲಿ ಮುಖ ಕದ್ದರೆ ತಪ್ಪು, ಇಲ್ಲಿ ಹೃದಯ ಬದಲಿಸಿದರೆ ತಪ್ಪು.

ಕೊನೆಗೆ ರಾಯರಿಗೆ ಒಂದು ದಾರಿ ಹೊಳೆಯಿತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿದೆ. 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ ಹೊಸ ನೋಂದಣಿ, 'ವಿಎ' ಅಕ್ಷರವಿರುವ ನಂಬರು ಫಲಕ. ಷರತ್ತು ಒಂದೇ: ಗಾಡಿ ಮೂಲರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಯಾವುದೂ ಬದಲಾಗಿರಬಾರದು. ಇನ್ನೊಂದು ಷರತ್ತೂ ಇದೆ, ಅದನ್ನು ರಾಯರು ನಿಧಾನವಾಗಿ ಓದಿದರು. ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇಂಥದಕ್ಕೆ ಮಾತ್ರ. ರಿಪೇರಿಗೆ ಹೋಗಬಹುದು ಎಂದಮೇಲೆ ಹಳೇ ಜೀಪಿಗೆ ಇನ್ನೇನು ಬೇಕು, ದಿನಾ ಹೋಗಬಹುದಲ್ಲ ಎಂದೆ. ಅವರು ನಗಲಿಲ್ಲ. ಡೀಸೆಲ್ ಕಿತ್ತು ಹಾಕಿ ಆ ಹರಿಕೇನ್ ಪೆಟ್ರೋಲ್ ಎಂಜಿನ್ನನ್ನೇ ವಾಪಸು ಕೂರಿಸುವುದೆಂದು ನಿರ್ಧಾರವಾಯಿತು. ಇದೂ ಬದಲಾವಣೆಯೇ ಅಲ್ಲವೇ, ಇದಕ್ಕೂ 5000ವೇ ಎಂಬ ಪ್ರಶ್ನೆಯನ್ನು ಪ್ರತ್ಯೇಕ ಫೈಲಿಗೆ ಹಾಕಲಾಗಿದೆ.

ಹಾಗಾಗಿ ಮತ್ತೆ ಕುರ್ಲಾ. ಪೆಟ್ರೋಲ್ ತುಟ್ಟಿಯಾದ ಕಾಲದಲ್ಲಿ ಮುಂಬೈಯವರು ಕಿತ್ತು ಕಿಲೋ ಲೆಕ್ಕದಲ್ಲಿ ಮಾರಿದ್ದ ಎಂಜಿನ್ನುಗಳಲ್ಲಿ ಒಂದು, ಅಂಗಡಿಯ ಹಿಂದಿನ ಕತ್ತಲೆಯಲ್ಲಿ ಗೋಣಿ ಹೊದ್ದು ಕೂತಿತ್ತು. ರಾಯರು ಟಾರ್ಚ್ ಬಿಟ್ಟು ಬ್ಲಾಕಿನ ನಂಬರು ಓದಿದರು, ಕೈಪಿಡಿ ತೆಗೆದರು, ಹೆಡ್ಡು ನೋಡಿದರು, ಕಣ್ಣು ತುಂಬಿಕೊಂಡರು. ಆಮೇಲೆ ವ್ಯವಹಾರಕ್ಕಿಳಿದು, "ಕಾಟಾದ ಮೇಲೆ ಇಡಿ" ಎಂದರು.

"ಇದಕ್ಕೆ ಕಾಟಾ ಇಲ್ಲ ಸಾಬ್," ಎಂದ ಅಂಗಡಿಯವನು. "ಇದು ಒರಿಜಿನಲ್."

ರಾಯರು ಇನ್ನೊಮ್ಮೆ ಟಾರ್ಚ್ ಬಿಟ್ಟರು. "ಕಾರ್ಬ್ಯುರೇಟರ್ ಅಂಬಾಸಡರ್ ಕಾರಿನದಲ್ಲವೇನಯ್ಯಾ?"

"ಹೌದು ಸಾಬ್. ಅದನ್ನ ಬೇಕಾದರೆ ತೂಗಿ ಕೊಡ್ತೀನಿ."